ಡಿಫೆಂಡರ್‌ನ ಮೊಣಕಾಲು ರಿಪೇರಿಯಾದ ಸೀಸನ್

ನೋವು ಅಂತ ಬಂದವರು ನನ್ನನ್ನು ನಗಿಸಿ ಹೋಗುವುದು ಬಿಕರ್ನಕಟ್ಟೆಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಆಗಾಗ ಉಂಟು. ಆದರೆ ಆ ಫುಟ್‌ಬಾಲ್ ಸೀಸನ್ನೇ ಬೇರೆ. ದೇಶದ ಅತಿ ದೊಡ್ಡ ಲೀಗಿನಲ್ಲಿ ಆಡುವ ನಮ್ಮೂರ ಡಿಫೆಂಡರ್ ಒಬ್ಬ ಮೊಣಕಾಲಿನ ಆಪರೇಷನ್ ಮುಗಿಸಿ ನನ್ನ ಹತ್ತಿರ ಬಂದ. ಸೀಸನ್ ಮುಗಿಯುವ ಮೊದಲು ಮೈದಾನಕ್ಕೆ ಇಳಿಯದಿದ್ದರೆ ಕ್ಲಬ್ಬಿನವರು ಕೈಬಿಡುವುದು ಖಂಡಿತ.

ಮೊದಲ ದಿನ

ಟಿವಿಯಲ್ಲಿ ಬೆರಳುದ್ದ ಕಾಣುತ್ತಿದ್ದವನು ನನ್ನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾಯ್ತು. ತೊಡೆಯೋ, ತೆಂಗಿನ ಮರವೋ! ನಾನು ಬೆರಗಿನಲ್ಲೇ ಮೊಣಕಾಲು ಹಿಡಿದು, ಮಡಚಿ, ಬಿಡಿಸಿ ನೋಡಿದೆ.

"ಅದ್ಭುತ! ಊತ ಇಲ್ಲ, ನೋವಿಲ್ಲ, ಹೊಲಿಗೆಯ ಗುರುತು ಸಹ ಇಲ್ಲ!"

ಅವನು ಬಹಳ ಸಂಕೋಚದಿಂದ ಹೇಳಿದ: "ಡಾಕ್ಟ್ರೇ, ಆಪರೇಷನ್ ಆದದ್ದು ಇನ್ನೊಂದು ಕಾಲಿಗೆ."

ಐಸ್

ಅವನ ತಾಯಿಗೆ ಬಂದರಿನಲ್ಲಿ ಮೀನು ವ್ಯಾಪಾರ. "ಮನೆಯಲ್ಲಿ ಕಾಲಿಗೆ ಐಸ್ ಇಡಿ ಅಮ್ಮ" ಎಂದದ್ದೇ ತಡ, ಅವರ ಮುಖ ಬಿಳಿಚಿಕೊಂಡಿತು.

"ಎಂತ ಹೇಳ್ತೀರಿ ಡಾಕ್ಟ್ರೇ? ನಾವು ಐಸ್ ಹಾಕುವುದು ಸತ್ತದ್ದಕ್ಕೆ. ನನ್ನ ಮಗನ ಕಾಲಿಗೆ ಇನ್ನೂ ಜೀವ ಉಂಟಲ್ಲ!"

ಹಾರಿದ್ದು

ಕೆಲವು ವಾರ ಕಳೆದ ಮೇಲೆ, "ಒಂದೇ ಕಾಲಲ್ಲಿ ಎಷ್ಟು ದೂರ ಹಾರ್ತೀರಿ ನೋಡುವ" ಎಂದೆ. ಆಪರೇಷನ್ ಆದ ಕಾಲಲ್ಲೇ ಹಾರಿದ. ಟೇಬಲ್ಲಿನ ಹತ್ತಿರ ಇದ್ದವನು ಬಾಗಿಲ ಹತ್ತಿರ ಇದ್ದ, ಬೆಕ್ಕು ಇಳಿದಷ್ಟೂ ಸದ್ದಿಲ್ಲ.

ಸರದಿಗೆ ಕಾಯುತ್ತಿದ್ದ ಶಕ್ತಿನಗರದ ನಿವೃತ್ತ ಮೇಷ್ಟ್ರು ಊರುಗೋಲು ಹಿಡಿದು ಹತ್ತಿರ ಬಂದರು. "ಇವರಿಗೆ ಇರುವುದು ಮೊಣಕಾಲು ನೋವಾ?"

"ಹೌದು."

"ಹಾಗಾದ್ರೆ ನನ್ನದು ತೆಗೆದು, ನನಗೂ ಇದನ್ನೇ ಕೊಡಿ ಮಾರಾಯ್ರೆ."

ಕೊನೆಯ ಪಂದ್ಯ

ಸೀಸನ್ನಿನ ಕೊನೆಯ ಪಂದ್ಯದ ಸಂಜೆ ಕ್ಲಿನಿಕ್ಕಿನ ಟಿವಿ ಮುಂದೆ ರೋಗಿಗಳೆಲ್ಲ ಸೇರಿದ್ದರು, ಅವನ ತಾಯಿಯೂ ಇದ್ದರು. ಆಟ ಮುಗಿಯುತ್ತಾ ಬಂದಾಗ ಅವನನ್ನು ಮೈದಾನಕ್ಕೆ ಇಳಿಸಿದರು. ಅವನ ತಂಡಕ್ಕೆ ಒಂದೇ ಗೋಲಿನ ಮುನ್ನಡೆ. ಅಷ್ಟರಲ್ಲಿ ಎದುರಾಳಿ ಹೊಡೆದ ಚೆಂಡು ಗೋಲ್‌ಕೀಪರ್‌ನನ್ನು ದಾಟಿತು. ಮುಂದೆ ಖಾಲಿ ಗೋಲು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಎಲ್ಲಿಂದ ಬಂದನೋ! ಗಾಳಿಯಲ್ಲಿ ಅಡ್ಡಕ್ಕೆ ಮಲಗಿದವನ ಹಾಗೆ ಹಾರಿ, ಅದೇ ಕಾಲು ಚಾಚಿ, ಗೆರೆಯ ಮೇಲಿಂದ ಚೆಂಡನ್ನು ಒದ್ದು ಹೊರಗೆ ಹಾಕಿದ. ಬಿದ್ದ. ನಾವೆಲ್ಲ ಟಿವಿಯತ್ತ ಬಾಗಿದೆವು. ಎದ್ದ. ಕಾಲು ಝಾಡಿಸಿ ಓಡಿದ. ತಾಯಿ ನನ್ನ ಎರಡೂ ಕೈ ಹಿಡಿದು ಅತ್ತರು. ನಾನು ಸಹ ಅತ್ತೆ. ಹಿಂದಿನಿಂದ ಎಲ್ಲರ ಬೊಬ್ಬೆ.

ಬೊಬ್ಬೆ ತಣಿದ ಮೇಲೆ ತಲೆಯ ಮೇಲಿಂದ ಒಂದು ಸಣ್ಣ ಸ್ವರ: "ಡಾಕ್ಟ್ರೇ..."

ತಿರುಗಿ ನೋಡಿದರೆ ಕುಲಶೇಖರದ ಹೋಟೆಲ್ ಧಣಿ. ಬೆನ್ನು ನೋವಿಂದ ಒಂದು ಮೆಟ್ಟಿಲೂ ಹತ್ತಲಿಕ್ಕೆ ಆಗುವುದಿಲ್ಲ ಅಂತ ತಿಂಗಳುಗಟ್ಟಲೆ ಬರುತ್ತಿದ್ದವರು ನನ್ನ ಟೇಬಲ್ಲಿನ ಮೇಲೆ ನಿಂತಿದ್ದಾರೆ, ಎರಡೂ ಕೈ ಮೇಲೆತ್ತಿ!

"ಹತ್ತಿದ್ದು ಹೇಗೆ ಧಣಿ?"

"ನನಗೆಂತ ಗೊತ್ತು? ಮೊದಲು ಇಳಿಸಿ. ನನಗೆ ಬೆನ್ನು ನೋವು ಅಂತ ಗೊತ್ತುಂಟಲ್ಲ ನಿಮಗೆ!"