ಕಾರಿನ ಪಾಲು

ಈ ದೇಶದ ವಿಮಾ ಕಂಪನಿಗಳಿಗೆ ಸ್ವಲ್ಪವಾದರೂ ಕೃತಜ್ಞತೆ ಅನ್ನುವುದು ಇದ್ದಿದ್ದರೆ ಅವು ತಮ್ಮ ಕಚೇರಿಗಳಲ್ಲಿ ನಮ್ಮ ಅಪ್ಪನ ಫೋಟೋ ಹಾಕಿ ದಿನಾ ಊದುಬತ್ತಿ ಹಚ್ಚಬೇಕಿತ್ತು. ಫೋಟೋ, ಊದುಬತ್ತಿ ಅಂದ ತಕ್ಷಣ ತಪ್ಪು ತಿಳಿಯಬೇಡಿ. ಅಪ್ಪ ಗಟ್ಟಿಯಾಗಿಯೇ ಇದ್ದಾನೆ. ನಾನಿದನ್ನು ಬರೆಯುವಾಗ ಅಂಕೋಲೆಯ ಹತ್ತಿರದ ಕೇಣಿಯಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ನಿಂತು ಕಾರು ಒರೆಸುತ್ತಿದ್ದಾನೆ. ವಿಷಯ ಇಷ್ಟೇ: ಅಪ್ಪ ವರ್ಷ ತಪ್ಪದೆ ಕಾರಿಗೆ ವಿಮೆ ಕಟ್ಟುತ್ತಾನೆ, ಮತ್ತು ಇವತ್ತಿನವರೆಗೆ ಒಮ್ಮೆಯೂ ಪರಿಹಾರ ಕೇಳಿಲ್ಲ.

ಹಾಗಂತ ಅವನ ಕಾರಿಗೆ ಏನೂ ಆಗಿಲ್ಲವೆ? ಆಗದೇ ಉಳಿದದ್ದು ಏನಿದೆ ಎಂದು ಕೇಳಿ. ಪಕ್ಕದ ಮನೆಯ ತೆಂಗಿನಮರದಿಂದ ಕಾಯಿಯೊಂದು ಬಾನೆಟ್ಟಿನ ಮೇಲೆ ಬಿದ್ದು ಗುಳಿ ಮಾಡಿತು. ಮಳೆಗಾಲದಲ್ಲಿ ಆ ಗುಳಿಯಲ್ಲಿ ನೀರು ನಿಲ್ಲುತ್ತದೆ. ಬೆಳಿಗ್ಗೆ ಕಾಗೆಗಳು ಬಂದು ಸ್ನಾನ ಮುಗಿಸಿ ಹೋಗುತ್ತವೆ. ಹಿಂದಿನ ಬಂಪರಿಗೆ ಎಮ್ಮೆ ಗುದ್ದಿತು. ಅಪ್ಪ ಬಂಪರನ್ನು ಬಲೆಯ ಹಗ್ಗದಿಂದ ಬಿಗಿದು ಕಟ್ಟಿದ. ಕಾರು ಯಾವುದೇ ಕಂಪನಿಯದಿರಲಿ, ಗಂಟು ಮಾತ್ರ ಅಪ್ಪಟ ಹಾರವಾಡದ ಮೀನುಗಾರರದ್ದು. ಅಂಕೋಲೆ ಬಸ್ ಸ್ಟ್ಯಾಂಡಿನ ಎದುರು ಒಂದು ರಿಕ್ಷಾ ಎಡಬಾಗಿಲನ್ನು ಉಜ್ಜಿಕೊಂಡು ಹೋಯಿತು. ಅಂದಿನಿಂದ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ನನ್ನ ಆಯಿ, ಅಂದರೆ ಅಮ್ಮ, ಎಲ್ಲಿಗೆ ಹೋದರೂ ಅಪ್ಪ ಮೊದಲು ತಾನಿಳಿದು, ಸುತ್ತು ಬಂದು, ಬಾಗಿಲು ತೆಗೆದು ನಿಲ್ಲಬೇಕು. ನೋಡಿದವರು ಈ ವಯಸ್ಸಿನಲ್ಲೂ ಹೆಂಡತಿಯ ಮೇಲೆ ಎಂಥ ಪ್ರೀತಿ ಅಂದುಕೊಳ್ಳುತ್ತಾರೆ. ಆಯಿ ಯಾರಿಗೂ ತಿದ್ದಿ ಹೇಳಿಲ್ಲ.

ಪರಿಹಾರ ಕೇಳದಿರುವುದಕ್ಕೆ ಕಾರಣ ನೋ ಕ್ಲೇಮ್ ಬೋನಸ್. ವರ್ಷವಿಡೀ ಕ್ಲೇಮ್ ಮಾಡದೆ ಇದ್ದವರಿಗೆ ಮುಂದಿನ ವರ್ಷದ ಪ್ರೀಮಿಯಮ್ಮಿನಲ್ಲಿ ಸ್ವಲ್ಪ ಬಿಡುತ್ತಾರೆ. ಮರುವರ್ಷವೂ ತೆಪ್ಪಗಿದ್ದರೆ ಇನ್ನೂ ಸ್ವಲ್ಪ. ಹೀಗೆ ಏರುತ್ತ ಏರುತ್ತ ಅರ್ಧಕ್ಕೆ ಬಂದು ನಿಲ್ಲುತ್ತದೆ. ಅಪ್ಪನದು ಅಲ್ಲಿಗೆ ಬಂದು ನಿಂತು ಎಷ್ಟೋ ಕಾಲವಾಯಿತು. ಹೊಸ ಸೊಸೆ ತವರಿನ ಬಂಗಾರವನ್ನು ನೋಡಿಕೊಳ್ಳುವ ಹಾಗೆ ಅವನು ಅದನ್ನು ನೋಡಿಕೊಳ್ಳುತ್ತಾನೆ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಕಪ್ಪು ತಂದವಳು ನಾನು. ಇದನ್ನು ಸುಮ್ಮನೆ ಬಿಡುವುದು ಹೇಗೆ?

"ಅಪ್ಪಾ, ಕ್ಲೇಮ್ ಮಾಡೂದೇ ಇಲ್ಲ ಅಂದ್ರೆ ಇನ್ಶೂರೆನ್ಸ್ ಎಂತಕ್ಕೆ?"

"ಲೈಫ್ ಜಾಕೆಟ್ ಹಾಕ್ಕಂಡವ್ರೆಲ್ಲ ನೀರಿಗೆ ಹಾರ್ತಾರಾ?"

ನನಗೆ ಕಪ್ಪು ಕೊಟ್ಟ ತೀರ್ಪುಗಾರರು ಯಾರೂ ಆಗ ಅಲ್ಲಿರಲಿಲ್ಲ, ಪುಣ್ಯಕ್ಕೆ.

ಅಪ್ಪನ ಮಾತು ಹೀಗೆ ನೀರಿಗೇ ಹೋಗಿ ನಿಲ್ಲುವುದಕ್ಕೆ ಕಾರಣವಿದೆ. ಹಾರವಾಡದ ಮೀನುಗಾರರ ಮನೆ ಅವನದು. ಅಜ್ಜ ತಾಂಡೇಲ, ಅಂದರೆ ದೋಣಿ ನಡೆಸುವ ಯಜಮಾನ. ದೊಡ್ಡಪ್ಪಂದಿರೂ ಕಡಲಿಗೆ ಹೋದವರೇ. ಅಪ್ಪನಿಗೆ ಮಾತ್ರ ದೋಣಿ ಅಲುಗಾಡಿದರೆ ವಾಂತಿ. ದಂಡೆಗೆ ಕಟ್ಟಿಟ್ಟ ದೋಣಿಯಲ್ಲೂ ವಾಂತಿ ಮಾಡಿದ್ದನಂತೆ. ಹಾಗಾಗಿ ಅವನು ಕಾರವಾರದ ಐಸ್ ಫ್ಯಾಕ್ಟರಿಗೆ ಸೇರಿ, ಬೇರೆಯವರು ಹಿಡಿದು ತಂದ ಮೀನಿಗೆ ಮಂಜುಗಡ್ಡೆ ಅಳೆದು ಕೊಡುತ್ತ ನಿವೃತ್ತನಾದ. ಅವನಿಗೆ ದಕ್ಕಿದ ಒಂದೇ ದೋಣಿ ಎಂದರೆ ಈ ಕಾರು.

ನಮ್ಮಲ್ಲಿ ಬಲೆ ಎಳೆದು ದಂಡೆಗೆ ಬಂದ ಮೇಲೆ ಮೀನನ್ನು ಪಾಲು ಹಾಕುತ್ತಾರೆ. ಹೋದವರಿಗೆಲ್ಲ ಒಂದೊಂದು ಪಾಲು, ದೋಣಿಗೂ ಪಾಲು. ದೋಣಿ ಮೀನು ತಿನ್ನುವುದಿಲ್ಲ, ನಿಜ. ಆದರೆ ಅದರ ರಿಪೇರಿ ನಡೆಯಬೇಕಲ್ಲ. ಅಪ್ಪ ಈ ಪದ್ಧತಿಯನ್ನು ಹಾಗೇ ಎತ್ತಿ ಕಾರಿಗೆ ತಂದ. ಕಾರಿನಲ್ಲಿ ಮನೆಗೆ ಮೀನು ಬಂದರೆ ಅಪ್ಪನಿಗೊಂದು ಪಾಲು, ಆಯಿಗೊಂದು, ನನಗೊಂದು, ಕಾರಿಗೊಂದು. ಕಾರಿನ ಪಾಲು ಕಾರಿನ ಅಡಿಯಲ್ಲಿ ಮಲಗುವ ಬೆಕ್ಕಿಗೆ ಹೋಗುತ್ತದೆ. ಆ ಬೆಕ್ಕು ನಮ್ಮ ಕೇರಿಯಲ್ಲೇ ಅತ್ಯಂತ ದಪ್ಪ ಬೆಕ್ಕು. ಇದರಿಂದ ಕಾರಿಗೆ ಏನು ಲಾಭ ಎಂದು ನಾನು ಕೇಳಿದ್ದೆ. "ಇಲಿ ವಾಯರ್ ಕಡೀತದ್ಯಾ?" ಎಂದ. ಕಡಿದಿರಲಿಲ್ಲ. ಹೀಗೆ ಪ್ರತಿ ಸಲ ಹುಚ್ಚುತನದ ಹಿಂದೆ ಒಂದು ಕಾರಣ ಇಟ್ಟುಕೊಂಡಿರುವ ಮನುಷ್ಯನ ಜೊತೆ ಹೇಗೆ ಬಾಳುವುದು?

ಈಗ ನನ್ನ ಕಾರಿನ ವಿಷಯಕ್ಕೆ ಬರುತ್ತೇನೆ. ರಾಮನಗುಳಿಯ ಹತ್ತಿರದ ಹೈಸ್ಕೂಲಿನಲ್ಲಿ ನನಗೆ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ದಸರಾ ರಜೆ ಮುಗಿದ ಸೋಮವಾರ ಸೇರಬೇಕು. ಕೇಣಿಯಿಂದ ಅಂಕೋಲೆ, ಅಲ್ಲಿಂದ ಯಲ್ಲಾಪುರದ ಬಸ್ಸು ಎಂದು ಹೊರಟರೆ ನಾನು ಶಾಲೆ ಮುಟ್ಟುವುದು ಎರಡನೇ ಪಿರಿಯಡ್ಡಿಗೆ. ಮೊದಲನೇ ಪಿರಿಯಡ್ಡೇ ನನ್ನದು. ಪ್ರಾರ್ಥನೆಯ ಹೊತ್ತಿಗೆ ಬರಲಾಗದಿದ್ದರೆ ಹೇಳಿ, ಇನ್ನೊಬ್ಬಳು ಕಾಯುತ್ತಿದ್ದಾಳೆ ಎಂದರು ಹೆಡ್ಮಾಸ್ಟರು. ಸ್ಕೂಟರ್ ಅನ್ನೋಣವೆಂದರೆ ಆ ರಸ್ತೆಯ ಲಾರಿಗಳನ್ನು ನೋಡಿದವರು ಯಾರೂ ಅನ್ನುವುದಿಲ್ಲ. ಅಂತೂ ಕಾರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಟ್ಯೂಷನ್ ಹೇಳಿ ಕೂಡಿಟ್ಟದ್ದರಲ್ಲಿ ಒಂದು ಹಳೇ ಕಾರು ಬರುತ್ತಿತ್ತು. ಆದರೆ ವರ್ಷ ವರ್ಷ ವಿಮೆ ಕಟ್ಟಬೇಕಾದದ್ದು ಅತಿಥಿ ಶಿಕ್ಷಕಿಯ ಸಂಬಳದಲ್ಲಿ. ಅತಿಥಿಗಳಿಗೆ ನಮ್ಮಲ್ಲಿ ಊಟ ಹಾಕುವ ರೂಢಿಯಿದೆ, ಸಂಬಳ ಕೊಡುವ ರೂಢಿ ಅಷ್ಟಾಗಿ ಇಲ್ಲ.

"ವಿಮೆ ಚಿಂತೆ ನೀ ಮಾಡೂದು ಬೇಡ ಮಗಾ," ಎಂದ ಅಪ್ಪ. "ದೋಣಿ ಅಣ್ಣಂದಿರು ತಗಂಡ್ರು. ನನ್ನ ಹತ್ರ ನಿಂಗೆ ಕೊಡೂಕೆ ಬೇರೆ ಎಂತ ಅದೆ? ಆ ಬೋನಸ್ ಒಂದು ಅದೆ. ಅದು ನಿಂಗೆ."

ಅಪ್ಪ ಇಷ್ಟು ಗಂಭೀರವಾಗಿ ಏನನ್ನಾದರೂ ನನಗೆ ಕೊಟ್ಟದ್ದು ಅದೇ ಮೊದಲು. ಒಪ್ಪಿಕೊಂಡೆ.

ಲೈಸೆನ್ಸು ಸಿಕ್ಕಿದ್ದು ಇದಕ್ಕೂ ಮೊದಲು, ಅಪ್ಪನ ಹತ್ತಿರವೇ ಕಲಿತು. ಅವನ ಪಾಠದಲ್ಲಿ ರಸ್ತೆಯ ಹಂಪು ಬಂದರೆ "ಅಲೆ ಬಂತು", ಎದುರಿನಿಂದ ಲಾರಿ ಬಂದರೆ "ದೊಡ್ಡದು ಬಂತು, ದಂಡೆಗೆ ಹೋಗು", ಬ್ರೇಕು ಒತ್ತಬೇಕಾದರೆ "ಲಂಗರು". ಕಾರವಾರದಲ್ಲಿ ಪರೀಕ್ಷೆಯ ದಿನ ಇನ್‌ಸ್ಪೆಕ್ಟರು "ನಿಲ್ಲಿಸಿ" ಎಂದಾಗ ನನಗೆ ಅರ್ಥವಾಗುವಷ್ಟರಲ್ಲಿ ಕಾರು ಇನ್ನೂ ಸ್ವಲ್ಪ ಮುಂದೆ ಹೋಗಿತ್ತು.

ಕಾರು ಹುಡುಕುವಾಗ ಅಪ್ಪನ ಮೊದಲ ನಿಯಮ ಸಾವಿರ ಸಿಸಿ. ಇಂಜಿನ್ನು ಆ ಗೆರೆಯೊಳಗಿದ್ದರೆ ಕಡ್ಡಾಯದ ಥರ್ಡ್ ಪಾರ್ಟಿ ವಿಮೆ ಅಗ್ಗ, ದಾಟಿದರೆ ಜಿಗಿಯುತ್ತದೆ. ಎರಡನೇ ನಿಯಮ, ಕಾರಿಗೆ ವಯಸ್ಸಾಗಿರಬೇಕು. ಕಾರಿನ ಬೆಲೆ ಇಳಿದಷ್ಟೂ ಉಳಿದ ಪ್ರೀಮಿಯಮ್ಮೂ ಇಳಿಯುತ್ತದೆ. ಇವೆರಡೂ ಸರಿಯಾದ ನಿಯಮಗಳೇ ಎಂದು ನಾನೇ ಓದಿ ಖಚಿತಪಡಿಸಿಕೊಂಡೆ. ಮೂರನೇ ನಿಯಮದ ಬಗ್ಗೆ ಮಾತ್ರ ಎಲ್ಲಿಯೂ ಬರೆದಿರಲಿಲ್ಲ: ಕಾರನ್ನು ಮೂಸಿ ನೋಡಬೇಕು.

ಕಾರವಾರದಲ್ಲಿ ಹಳೇ ಕಾರು ಮಾರುವವನೊಬ್ಬ ನಮಗೆ ಹೊಳೆಯುವ ದೊಡ್ಡ ಕಾರು ತೋರಿಸಿದ. ಅಪ್ಪ ಡಿಕ್ಕಿಯೊಳಗೆ ತಲೆ ಹಾಕಿ ಮೂಸಿದ, ದೋಣಿಯ ಹಲಗೆ ತಟ್ಟುವ ಹಾಗೆ ಬಾಗಿಲುಗಳನ್ನು ಬೆರಳ ಗಿಣ್ಣಿನಿಂದ ತಟ್ಟುತ್ತ ಒಂದು ಸುತ್ತು ಬಂದ.

"ಪಿಕಪ್ ನೋಡಿ ಸರ್, ಘಾಟಿಯಲ್ಲಿ ಎಲ್ಲರನ್ನೂ ಹಿಂದೆ ಹಾಕ್ತದೆ," ಎಂದ ಮಾರುವವನು.

"ಇವ್ಳು ಮಕ್ಕಳಿಗೆ ಸಮಾಜ ಕಲಿಸೂಕೆ ಹೋಗೂದು. ಯಾರನ್ನ ಹಿಂದೆ ಹಾಕೂದದೆ?"

"ಸನ್‌ರೂಫ್ ಇದೆ ನೋಡಿ. ಕೂತಲ್ಲೇ ಆಕಾಶ ಕಾಣ್ತದೆ."

"ನಮ್ಮಪ್ಪನ ದೋಣಿಗೆ ಪೂರ್ತಿ ಅದೇ ಇತ್ತು," ಎಂದು ಅಪ್ಪ ಹೊರಟೇಬಿಟ್ಟ.

ಕೊನೆಗೆ ಸಿಕ್ಕಿದ್ದು ಅಂಕೋಲೆಯಲ್ಲೇ, ನಿವೃತ್ತ ನರ್ಸ್ ಒಬ್ಬರ ಪುಟ್ಟ ಬಿಳಿ ಕಾರು. ಇಂಜಿನ್ನು ಗೆರೆಯ ಒಳಗೆ, ವಯಸ್ಸು ತಕ್ಕಷ್ಟು. ಅಪ್ಪ ಮೂಸಿದ. "ಡೆಟ್ಟಾಲ್ ವಾಸನೆ. ಒಳ್ಳೆಯವ್ರ ಕೈಲಿತ್ತು," ಎಂದ. ವ್ಯಾಪಾರ ಮುಗಿಯಿತು.

ಉಳಿದದ್ದು ವಿಮೆ. ನಾವು ಕಾರವಾರದ ಏಜೆಂಟನ ಕಚೇರಿಗೆ ಹೋದೆವು. ಕೊಂಕಣಿ ಮಾತಾಡುವ ಹುಡುಗ. ಅಪ್ಪನನ್ನು ಮಾಮಾ ಎನ್ನುತ್ತಾನೆ. ಕೂತ ಕೂಡಲೇ ಅಪ್ಪ ಕೇಳಿದ: "ಇವ್ಳು ಹೊಸಬಳು. ಹೊಸ ಡ್ರೈವರ್ ಅಂತ ಹೆಚ್ಚು ತಗಳ್ತೀರಾ?"

"ಇಲ್ಲ ಮಾಮಾ. ನಾವು ನೋಡೂದು ಕಾರು. ಓಡ್ಸೂದು ಯಾರು ಅಂತ ಅಲ್ಲ."

ಅಪ್ಪನಿಗೆ ಸಂತೋಷವಾಯಿತು. "ಚಲೋ ಆಯ್ತು. ಹಾಗಾರೆ ನನ್ನ ಬೋನಸ್ ತೆಗ್ದು ಇವ್ಳ ಕಾರಿಗೆ ಹಾಕು."

ಹುಡುಗ ಪೆನ್ನು ಕೆಳಗಿಟ್ಟ. "ಅದು ಬರೂದಿಲ್ಲ ಮಾಮಾ. ಬೋನಸ್ ಕಾರಿದಲ್ಲ, ಮಾಲಕಂದು. ನೀವು ಈ ಕಾರು ಮಾರಿ ಬೇರೆ ತಗಂಡ್ರೆ ನಿಮ್ಮ ಹಿಂದೆ ಬರ್ತದೆ. ಮಗಳಿಗೆ ಕೊಡೂಕೆ ಆಗೂದಿಲ್ಲ."

"ಅದು ಹೇಗೆ? ಪಾಲು ದೋಣಿದು, ತಾಂಡೇಲಂದಲ್ಲ. ತಾಂಡೇಲ ಮುದುಕ ಆದ, ಮಗ ದೋಣಿ ಹತ್ತಿದ. ಪಾಲು ನಿಲ್ತದ್ಯಾ?"

"ಮಾಮಾ, ಐಕಾ, ಕೇಳಿ ಇಲ್ಲಿ. ಇದು ದೋಣಿ ಅಲ್ಲ."

ಯಾರೂ ಅಪ್ಪನ ಮುಂದೆ ಇಷ್ಟು ನೇರವಾಗಿ ಆ ಮಾತು ಹೇಳಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಒಂದು ನಿಮಿಷ," ಎಂದೆ. "ಪ್ರೀಮಿಯಂ ಹಾಕುವಾಗ ಕಾರನ್ನು ನೋಡ್ತೀರಿ, ಮನುಷ್ಯರನ್ನು ನೋಡೂದಿಲ್ಲ. ಬೋನಸ್ ಕೊಡುವಾಗ ಮನುಷ್ಯರನ್ನು ನೋಡ್ತೀರಿ, ಕಾರನ್ನು ನೋಡೂದಿಲ್ಲ. ಇದ್ಯಾವ ತರ್ಕ?"

"ತರ್ಕ ಅಲ್ಲ ಮ್ಯಾಡಮ್. ರೂಲ್ಸು."



ಅಪ್ಪ ನಿಧಾನಕ್ಕೆ ಕೇಳಿದ: "ಇವ್ಳಿಗೆ ಕೊಡೂಕೆ ಯಾವ ದಾರಿನೂ ಇಲ್ವಾ?"

ಹುಡುಗ ಫ್ಯಾನು ನೋಡಿದ, ನನ್ನನ್ನು ನೋಡಿದ. "ಒಂದದೆ. ವಾರಸುದಾರರಿಗೆ ಹೋಗ್ತದೆ."

"ಇವ್ಳೇ ವಾರಸುದಾರಳು."

"ಹೌದು. ಆದ್ರೆ ಆವಾಗ... ನೀವು ಇರೂದಿಲ್ಲ ಮಾಮಾ."

ಅಪ್ಪ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದ. ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದ.

"ಇವ್ಳ ಶಾಲೆ ಬರೂ ಸೋಮವಾರ," ಎಂದ. "ಅಷ್ಟರೊಳಗೆ ಆಗೂದು ಕಷ್ಟ."

ನಗಬೇಕೋ ಬೇಡವೋ ತಿಳಿಯದೆ ಹುಡುಗ ಚಹಾ ತರಿಸಿದ. ನಾನು ಬೋನಸ್ಸಿಲ್ಲದೆ, ಪೂರ್ತಿ ಪ್ರೀಮಿಯಂ ಕಟ್ಟಿದೆ. ಸಣ್ಣ ಇಂಜಿನ್ನು, ಹಳೇ ಕಾರು ಎಂದು ಅಪ್ಪ ಆರಿಸಿದ್ದರಿಂದ ಅದೇನೂ ನನ್ನ ಸಂಬಳಕ್ಕೆ ಮೀರಿದ್ದಾಗಿರಲಿಲ್ಲ. ಆದರೆ ಇದನ್ನು ಹೇಳಿದರೂ ಅವನಿಗೆ ಕೇಳಿಸಲಿಲ್ಲ.

ವಾಪಸು ಬರುವಾಗ ಅವನ ಕಾರನ್ನು ನಾನೇ ಓಡಿಸಿದೆ. ದಾರಿಯುದ್ದಕ್ಕೂ ಅವನು ಅಲೆ ಎನ್ನಲಿಲ್ಲ, ಲಂಗರು ಎನ್ನಲಿಲ್ಲ. ಹಾರವಾಡದ ಕಡೆ ಹೊರಳುವ ರಸ್ತೆ ದಾಟಿದ ಮೇಲೆ ನಾನೇ ಬಾಯಿ ಬಿಟ್ಟೆ.

"ನಂಗೆ ಆ ಬೋನಸ್ ಬೇಡ ಅಪ್ಪಾ. ಯಾವತ್ತೂ ಬೇಡ."

"ಬೇಡ ಅಂದ್ರೆ ಬಿಡ್ತಾರಾ? ರೂಲ್ಸದೆ. ಬಂದೇ ಬರ್ತದೆ," ಎಂದು ಅಪ್ಪ ಕಿಟಕಿಯ ಕಡೆ ಮುಖ ಮಾಡಿದ.

ಮನೆ ಮುಟ್ಟಿದಾಗ ಅವನ ಬದಿಯ ಬಾಗಿಲು ಒಳಗಿನಿಂದ ತೆರೆಯಲಿಲ್ಲ. ನಾನು ಇಳಿದು, ಸುತ್ತು ಬಂದು, ಬಾಗಿಲು ತೆಗೆದು ನಿಂತೆ.

ಸೋಮವಾರ ಬಂತು. ಪುಟ್ಟ ಬಿಳಿ ಕಾರಿನಲ್ಲಿ ಒಬ್ಬಳೇ ಹೋಗಿ ಪ್ರಾರ್ಥನೆಗೆ ಮೊದಲೇ ಶಾಲೆ ಮುಟ್ಟಿದೆ. ಬರುವಾಗ ಒಂದು ತಿರುವಿನಲ್ಲಿ "ದೊಡ್ಡದು" ಎದುರಾಯಿತು. ದಂಡೆಗೆ ಹೋದೆ. ಆದರೂ ಲಾರಿಯ ಹಿಂಭಾಗ ನನ್ನ ಬಾಗಿಲ ಮೇಲೆ ಉದ್ದಕ್ಕೂ ಒಂದು ಗೀರು ಎಳೆದು ಹೋಯಿತು. ಅಂಕೋಲೆ ಪೇಟೆಗೆ ಬಂದು ಕಾರು ನಿಲ್ಲಿಸಿದೆ. ಅಪ್ಪನಿಗೆ ಗೀರು ತೋರಿಸುವ ಮೊದಲು ಏನಾದರೂ ಮಾಡಬೇಕಲ್ಲ, ಇಳಿದು ಬಂಗಡೆ ತೆಗೆದುಕೊಂಡೆ.

ಅಪ್ಪ ಗೇಟಿನಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದ ಎಂದು ಆಯಿಯನ್ನು ಕೇಳಿದರೆ ಅವಳು ಮೀನಿನ ಚೀಲ ಇಸಿದುಕೊಂಡಳು. ಅಪ್ಪ ಮೊದಲು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಆಮೇಲೆ ಗೀರಿನ ಮೇಲೆ ಬೆರಳಾಡಿಸಿದ.

"ಕ್ಲೇಮ್ ಮಾಡು," ಎಂದ. ಆ ಶಬ್ದ ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಎಂತಕ್ಕೆ?" ಎಂದೆ. "ಬರೂ ವರ್ಷದ ಬೋನಸ್ ಹೋಗ್ತದೆ."

ಅಪ್ಪ ಒಳಗೆ ಹೋದ.

ಊಟಕ್ಕೆ ಕೂತಾಗ ಆಯಿ ಬಂಗಡೆ ಪಾಲು ಹಾಕಿದಳು. ಅಪ್ಪನಿಗೆ, ತನಗೆ, ನನಗೆ, ಕಾರಿಗೆ. ಬೆಕ್ಕು ಹೊಸ್ತಿಲಿಗೆ ಬಂದು ಕೂತಿತ್ತು. ಅಪ್ಪ ಕಾರಿನ ಪಾಲಿನ ತಟ್ಟೆ ಎತ್ತಿಕೊಂಡ. ಹೊಸ್ತಿಲ ಕಡೆ ಹೋಗಲಿಲ್ಲ. ಅದರಲ್ಲಿದ್ದುದನ್ನು ಪೂರ್ತಿ ನನ್ನ ತಾಟಿಗೆ ಸುರಿದ.

"ಇದು ಕಾರಿದಲ್ವಾ?" ಎಂದೆ.

"ಪಾಲು ಕಾರಿದಲ್ಲ, ಓಡ್ಸುವವ್ರದ್ದು ಅಂತ ಆ ಹುಡುಗ ಹೇಳ್ಲಿಲ್ವಾ?" ಅಪ್ಪ ತನ್ನ ತಾಟು ನೋಡುತ್ತಲೇ ಅಂದ. "ತಿನ್ನು."

ಆ ಹುಡುಗ ಹೇಳಿದ್ದು ಮಾಲಕರದ್ದು ಎಂದು, ಓಡಿಸುವವರದ್ದು ಎಂದಲ್ಲ. ಅದೂ ಬೋನಸ್ಸಿನ ಬಗ್ಗೆ, ಬಂಗಡೆಯ ಬಗ್ಗೆ ಅಲ್ಲ. ವಾದಕ್ಕೆ ಬೇಕಾದಷ್ಟು ಜಾಗವಿತ್ತು.

ತಲೆ ತಗ್ಗಿಸಿ ಮುಳ್ಳು ಬಿಡಿಸುತ್ತ ಕೂತೆ.