ತವರಿನ ಕೋಶ, ಅತ್ತೆಯ ಕೋಶ

ಗರ್ಭಕೋಶದ ಚಿತ್ರ ಬರೆದು ವಿವರಿಸಲು ಕೂತಾಗಲೆಲ್ಲ ನನಗೆ ಒಂದಿಲ್ಲೊಂದು ಪೇಚು ಕಾದೇ ಇರುತ್ತದೆ. ಬಳ್ಳಾರಿಯ ಪಾರ್ವತಿನಗರದಲ್ಲಿ ನನ್ನ ಕ್ಲಿನಿಕ್ಕು. ಹಚ್ಚೊಳ್ಳಿಯಿಂದ ಬಂದ ಒಂದು ಅತ್ತೆ-ಸೊಸೆ ಜೋಡಿಯಂತೂ ನಾನು ಓದಿದ್ದನ್ನೆಲ್ಲ ಮತ್ತೆ ಓದುವಂತೆ ಮಾಡಿತು.

೧. ಕೂಳೆ ಬೆಳೆ

ಸೊಸೆಗೆ ಒಮ್ಮೆ ಗರ್ಭಪಾತವಾಗಿ, ಒಳಗೆ ಸ್ವಚ್ಛ ಮಾಡಿಸಿದ ಮೇಲೆ ಗರ್ಭಕೋಶದ ಒಳಪದರ ತೀರಾ ತೆಳುವಾಗಿ, ಅಲ್ಲಲ್ಲಿ ಒಂದಕ್ಕೊಂದು ಅಂಟಿಕೊಂಡಿತ್ತು. ಅದು ಬೆಳೆಯದೆ ಮಗು ನಿಲ್ಲುವುದು ಕಷ್ಟ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ನೋಡಿ ನನಗೇ ಸಂಕಟವಾಯಿತು.

"ಈ ಪದರ ತಿಂಗಳು ತಿಂಗಳು ಉದುರುತ್ತೆ. ತಳದಲ್ಲಿರೋ ಕಾಂಡಕೋಶಗಳು, ಅಂದ್ರೆ ಸ್ಟೆಮ್ ಸೆಲ್‌ಗಳು, ಮತ್ತೆ ಬೆಳೆಸುತ್ತವೆ, ಕಲೆ ಕೂಡ ಉಳಿಯೋದಿಲ್ಲ" ಎಂದೆ. ಎಷ್ಟು ಸಲ ಹೇಳಿದರೂ ನನಗದು ಸೋಜಿಗವೇ.

"ಭತ್ತ ಕೊಯ್ದ ಮ್ಯಾಲೆ ಕೂಳಿ ಚಿಗುರಿದಂಗ?" ಎಂದರು ಅತ್ತೆ.

"ಹಾಗೇ!" ಎಂದೆ ಖುಷಿಯಿಂದ.

"ಕೂಳಿ ಬೆಳಿ ಬರೇ ಜೊಳ್ಳ ಬರ್ತೈತಲ್ರಿ."

೨. ಚೊಚ್ಚಲ ಬಾಣಂತನ

ಮೂಳೆಯ ಮಜ್ಜೆಯಿಂದಲೂ ಕೋಶಗಳು ಬಂದು ಈ ರಿಪೇರಿಗೆ ಕೈಜೋಡಿಸುತ್ತವಂತೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಮುಂದಿನ ಸಲ ಬಾದನಹಟ್ಟಿಯಿಂದ ಹುಡುಗಿಯ ತಾಯಿಯೂ ಹಾಜರ್.

"ಚೊಚ್ಚಲ ಬಾಣಂತನ ತವರಿಂದು. ಎಲುಬಿನ ಕೋಶ ನಾನ ಕೊಡಾಕಿ" ಎಂದರು ತಾಯಿ.

"ಹುಟ್ಟೋ ಕೂಸು ನಮ್ಮ ಮನಿದು. ನಂದ ತಗೋರಿ" ಎಂದು ಅತ್ತೆ ತೋಳು ಚಾಚಿದರು.

ಮಜ್ಜೆಯ ಕೋಶ ತೆಗೆದು ಹಾಕುವ ಚಿಕಿತ್ಸೆ ಇನ್ನೂ ಪ್ರಯೋಗದಲ್ಲಿದೆ, ನಾನು ಮಾಡುವುದಿಲ್ಲ, ಒಳಗೆ ಅಂಟಿಕೊಂಡಿದ್ದನ್ನು ಬಿಡಿಸಿ ಮಾತ್ರೆ ಕೊಡುತ್ತೇನೆ ಎಂದೆ. ರಿಪೇರಿ ಮಾಡುವ ಕೋಶ ಅವಳ ಮೈಯಲ್ಲೇ ಇರುವುದು ಎಂದೂ ಹೇಳಿದೆ.

"ಆ ಮೈ ಹಡದಾಕಿ ನಾನು" ಎಂದರು ತಾಯಿ.

"ಮದಿವ್ಯಾದಾಗಿಂದ ರೊಟ್ಟಿ ಹಾಕಾಕಿ ನಾನು" ಎಂದರು ಅತ್ತೆ.

೩. ಔಷಧಿ ಚೀಟಿ

ಕೆಲವು ತಿಂಗಳ ಮೇಲೆ ಸ್ಕ್ಯಾನ್ ಮಾಡಿದರೆ ಪದರ ಚೆನ್ನಾಗಿ ಬೆಳೆದಿತ್ತು. ನನಗೆ ಕುಣಿಯುವಷ್ಟು ಸಂತೋಷ. ಹೊರಗೆ ಬಂದು ಹೇಳಿದ್ದೇ ತಡ, ಅದು ತಾವು ತಿನ್ನಿಸಿದ ಅಂಟಿನುಂಡಿಯಿಂದ ಎಂದು ತಾಯಿ, ತಮ್ಮ ತುಪ್ಪದಿಂದ ಎಂದು ಅತ್ತೆ, ಶುರುಹಚ್ಚಿಕೊಂಡರು.

ನಾನು ಒಳಗೆ ವಾಪಸು ಬಂದಾಗ ಹುಡುಗಿ ಮೊದಲ ಸಲ ಬಾಯಿಬಿಟ್ಟಳು. "ಮೇಡಂ, ಮೊದಲು ಇಬ್ರೂ ದಿನಾ ನನ್ನ ಕೇಳ್ತಿದ್ರು, ಏನರ ವಿಶೇಷ ಐತೇನು ಅಂತ. ಕೋಶ ಯಾರದು ಅಂತ ಜಗಳ ಹತ್ತಿದಾಗಿಂದ ತಮ್ಮತಮ್ಮೊಳಗ ಫೋನಿನ್ಯಾಗ ಬಡದಾಡ್ತಾರ. ನಾ ಆರಾಮ ಅದೀನಿ."

ನಗು ತಡೆದುಕೊಂಡು, ಮಾತ್ರೆ ಮುಂದುವರಿಸಲು ಚೀಟಿ ಎಳೆದುಕೊಂಡೆ. ಅವಳು ಹತ್ತಿರ ಬಗ್ಗಿದಳು.

"ಅದರ ಕೆಳಗ ಇನ್ನೊಂದು ಬರೀರಿ, ಮೇಡಂ. ನಾ ಹಡಿಯೋತನಕ ಇವರ ಜಗಳ ನಿಲ್ಲಿಸಬಾರದು ಅಂತ."