ಬಾರ್ಟ್ಲಿಯ ಹನ್ನೆರಡನೆಯ ಕತೆ

ಕತೆಯೊಳಗಿನ ಗಿರಣಿಯವನು ಕಡಲ ತಳದ ಬಾಗಿಲಿಗೆ ಕೈ ಹಾಕಿದ್ದ. ಸರಿಯಾಗಿ ಆಗಲೇ ಕೋಲ್ಮಾನನ ರೆಕಾರ್ಡರಿನ ಬ್ಯಾಟರಿ ಮುಗಿದುಹೋಗಿತ್ತು. ಇದು ಅವನಿಗೆ ಗೊತ್ತಾದದ್ದು ಗುರುವಾರ ಬೆಳಿಗ್ಗೆ, ಹಿಂದಿನ ರಾತ್ರಿ ಧ್ವನಿಮುದ್ರಿಸಿಕೊಂಡ ಕತೆಯನ್ನು ಕೇಳಿ ಬರೆದಿಳಿಸುವಾಗ.

ಕಾನಮಾರಾದ ಕಡಲಂಚಿನಲ್ಲಿ, ಮೀನಿನ ಶೆಡ್ಡಿನ ಹಿಂದಿನ ಎರಡು ಕೋಣೆಗಳಲ್ಲಿ, ಕೋಲ್ಮಾನ್ ಮೂವತ್ತು ವರ್ಷಗಳಿಂದ ಐರಿಷ್ ಭಾಷೆಯ ಪುಸ್ತಕಗಳನ್ನು ಪ್ರಕಟಿಸುತ್ತಿದ್ದ. ಈ ಸಲದ್ದು ‘ಎಂದೂ ಅಚ್ಚಾಗದ ಹನ್ನೆರಡು ಕತೆಗಳು’. ಹೇಳಿದವನು ಎಂಬತ್ತೇಳರ ಬಾರ್ಟ್ಲಿ. ಹನ್ನೊಂದು ಕತೆಗಳು ಆಗಲೇ ಗಾಲ್ವೇಯ ಮುದ್ರಣಾಲಯ ಸೇರಿದ್ದವು. ಅಂದು ಸಂಜೆ ಐದರೊಳಗೆ ಹನ್ನೆರಡನೆಯದು ತಲುಪದಿದ್ದರೆ ಪುಸ್ತಕ ಮುಂದಿನ ವರ್ಷಕ್ಕೆ. ಮುಂದಿನ ವರ್ಷ ಬಾರ್ಟ್ಲಿ ಇರುತ್ತಾನೆಂದು ಯಾವ ವೈದ್ಯರೂ ಬರೆದುಕೊಡುವಂತಿರಲಿಲ್ಲ.

ಕೋಲ್ಮಾನ್ ಬಾರ್ಟ್ಲಿಯ ಮನೆಗೆ ಓಡಿದ. “ಕೊನೆ ಮಾತ್ರ ಹೇಳಿಬಿಡಿ ಬಾರ್ಟ್ಲಿ. ಎರಡೇ ನಿಮಿಷ.”

“ಹಗಲು ಹೊತ್ತಲ್ಲಿ ಕತೆಯಾ? ತಲೆ ಕೆಟ್ಟಿದೆಯಾ ಮಗಾ? ಮನೆಗೆ ಕೇಡು. ಕತ್ತಲಾದ್ಮೇಲೆ ಬಾ.”

“ಇದು ಜೂನ್ ತಿಂಗಳು! ಕತ್ತಲಾಗೋದೇ ಹನ್ನೊಂದಕ್ಕೆ!”

“ಅದಕ್ಕೆ ನಾನೇನ್ ಮಾಡ್ಲಿ? ಸೂರ್ಯನ್ನ ಕೇಳು.”

ಕತ್ತಲೆಂದರೆ ಬೆಳಕಿಲ್ಲದಿರುವುದು, ಅಷ್ಟೇ ಎಂದುಕೊಂಡ ಕೋಲ್ಮಾನ್ ಮೂರೂ ಕಿಟಕಿಗಳ ಪರದೆ ಎಳೆದು, ಸಂದಿಗಳಿಗೆ ಕಂಬಳಿ ತುರುಕಿದ.

“ಆ ಗಡಿಯಾರಾನೂ ನಿಲ್ಸು,” ಅಂದ ಬಾರ್ಟ್ಲಿ. “ಅದು ಹನ್ನೆರಡು ಹೊಡೆದ್ರೆ ನಂಗೆ ಹಗಲು ಅನ್ನಿಸುತ್ತೆ. ಒಂದು ಮೇಣದ ಬತ್ತಿ ಹಚ್ಚು.”

ಎದುರುಮನೆಯ ನೋನಿ ಬಟ್ಟೆ ಒಣಹಾಕುತ್ತಿದ್ದಳು. ಆ ಊರಿನಲ್ಲಿ ನಡುಹಗಲು ಪರದೆ ಎಳೆದರೆ ಅರ್ಥ ಒಂದೇ: ಮನೆಯಲ್ಲಿ ಸಾವಾಗಿದೆ; ಗಡಿಯಾರ ನಿಲ್ಲಿಸುವುದೂ ಅದಕ್ಕೇ. ಓಡಿಬಂದು ಬಾಗಿಲು ಸರಿಸಿ ಇಣುಕಿದಳು. ಉರಿಯುವ ಬತ್ತಿ, ನಿಂತ ಗಡಿಯಾರ; ಕತೆ ನೆನಪಿಸಿಕೊಳ್ಳಲು ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ ಬಾರ್ಟ್ಲಿ, ಅವನ ಮುಂದೆ ತಲೆ ಬಗ್ಗಿಸಿ ಬ್ಯಾಟರಿ ನೋಡುತ್ತಿದ್ದ ಕೋಲ್ಮಾನ್. ಶಿಲುಬೆಯ ಗುರುತು ಮಾಡಿಕೊಂಡು ಸದ್ದಿಲ್ಲದೆ ಬಾಗಿಲು ಮುಚ್ಚಿ, ಫೋನಿನತ್ತ ಓಡಿದಳು.

ಬಾರ್ಟ್ಲಿ ಇನ್ನೂ ಗಂಟಲು ಸರಿಪಡಿಸಿಕೊಂಡು, ಪೈಪು ತುಂಬಿಕೊಂಡು, ಮತ್ತೆ ಕಣ್ಣು ಮುಚ್ಚಿದ್ದ. ಅಷ್ಟರಲ್ಲಿ ಅಂಗಳದಲ್ಲಿ ಒಂಬತ್ತು ಕಾರು. ಟೋಪಿ ಕೈಯಲ್ಲಿ ಹಿಡಿದ ಗಂಡಸರು, ಕೇಕು ಹೊತ್ತ ಹೆಂಗಸರು, ಪಾದ್ರಿ. ಎಲ್ಲರಿಗಿಂತ ಮುಂದೆ ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆಯೊಂದಿಗೆ ನೋನಿ.

“ಪಾಪ, ಎಂಥಾ ಒಳ್ಳೆ ಮನುಷ್ಯ,” ಎಂದಳು ಮೂಗೊರೆಸಿಕೊಳ್ಳುತ್ತ.

ಬಾರ್ಟ್ಲಿ ಕಣ್ಣು ಬಿಟ್ಟ. “ಯಾರು ಹೋದ್ರು?”

ಪಾದ್ರಿಯ ಕೈಯಿಂದ ಪ್ರಾರ್ಥನೆಯ ಪುಸ್ತಕ ಜಾರಿತು. “ನೀನೇ!” ಎಂದು ಚೀರಿದಳು ನೋನಿ.

“ಹೌದಾ? ಹಾಗಾದ್ರೆ ಆ ತಟ್ಟೆ ಈ ಕಡೆ ಕೊಡು.”

ನೋನಿ ಕೋಲ್ಮಾನನತ್ತ ತಿರುಗಿದಳು. “ಬದುಕಿರೋರ ಮನೆ ಪರದೆ ಎಳೀತಾರೇನೋ? ಬುದ್ಧಿ ಇದೆಯಾ ನಿಂಗೆ? ಹನ್ನೆರಡು ಮೊಟ್ಟೆ ಬೇಯಿಸಿಬಿಟ್ಟಿದ್ದೀನಿ!”

“ತಪ್ಪಾಯ್ತು, ನೋನಿ. ದಯವಿಟ್ಟು ಎಲ್ಲಾ ಹೊರಡಿ. ಕತೆ ಮುಗೀಬೇಕು.”

“ಯಾರೂ ಹೋಗ್ಬೇಡಿ!” ಬಾರ್ಟ್ಲಿಯ ಮುಖ ಅರಳಿತ್ತು. “ಕೂತ್ಕೊಳ್ಳಿ. ಇಷ್ಟು ಜನ ಬಂದಿರುವಾಗ ಬರೀ ಕೊನೆ ಹೇಳೋದಾ? ಬಾಲ ಒಂದನ್ನೇ ತೋರಿಸಿ ಹಸು ಮಾರಿದ ಹಾಗಾಗುತ್ತೆ.”

ಅವನು ಮೊದಲಿನಿಂದ ಶುರುಮಾಡಿದ. ಗಿರಣಿಯವನು ಎರಡು ಸಲ ದಾರಿ ತಪ್ಪಿದ. ಚಹಾಕ್ಕೆಂದು ಮೂರು ಸಲ ನಿಂತ. ಕೋಲ್ಮಾನ್ ಬಿಸಿ ಬಾಣಲೆಯ ಮೇಲೆ ಕೂತವನಂತೆ ಕೈಗಡಿಯಾರ ನೋಡುತ್ತಿದ್ದ. ನಾಲ್ಕೂಕಾಲಿಗೆ ಕಡಲ ತಳದ ಬಾಗಿಲು ತೆರೆಯಿತು. ಅಲ್ಲಿ ನಿಂತಿದ್ದವಳು ಗಿರಣಿಯವನ ಹೆಂಡತಿಯೇ. “ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ರಿ?” ಅಂದಳಂತೆ. ಮನೆಯೆಲ್ಲ ಚಪ್ಪಾಳೆ.

ಕೋಲ್ಮಾನ್ ಅಲ್ಲೇ ಕೂತು ಬೆರಳು ನೋಯುವಷ್ಟು ಟೈಪು ಮಾಡಿ, ಐದಕ್ಕೆ ಹತ್ತು ನಿಮಿಷವಿರುವಾಗ ಕತೆಯನ್ನು ಗಾಲ್ವೇಗೆ ಕಳಿಸಿದ. ತಲುಪಿತೆಂದು ಉತ್ತರ ಬಂತು. ಉಸಿರು ಬಿಟ್ಟು, ಸ್ಯಾಂಡ್‌ವಿಚ್ಚು ಕಚ್ಚಿದ.

“ಇನ್ನೊಂದೇ ಒಂದು, ಬಾರ್ಟ್ಲಿ. ಯಾರಿಂದ ಕೇಳಿದ್ದು ಅಂತ ಕೆಳಗೆ ಹಾಕ್ಬೇಕು. ನಿಮ್ಮಪ್ಪನಿಂದ ತಾನೆ?”

“ಅಪ್ಪನಾ? ಅವನಿಗೆ ಕತೆ ಅಂದ್ರೆ ಆಗ್ತಿರ್ಲಿಲ್ಲ. ಇದು ಪುಸ್ತಕದಲ್ಲಿ ಇದ್ದದ್ದು. ನಿಂದೇ, ಹಸಿರು ರಟ್ಟಿಂದು. ಯಾರೋ ಡಬ್ಲಿನ್ ಮೇಷ್ಟ್ರು ಬರೆದಿದ್ರು. ಅದರಲ್ಲಿ ಗಿರಣಿಯವನಲ್ಲ, ಬ್ಯಾಂಕ್ ಗುಮಾಸ್ತ. ಕಡಲ ತಳ ಅಲ್ಲ, ಆಫೀಸು. ನಾನು ಸ್ವಲ್ಪ ಸರಿಮಾಡ್ದೆ.”

ಕೋಲ್ಮಾನನಿಗೆ ಗುಮಾಸ್ತ, ಬಾಗಿಲು, ಹೆಂಡತಿ ಎಲ್ಲ ಒಟ್ಟಿಗೆ ನೆನಪಾಯಿತು. ಅದು ಅವನೇ ಮೂರು ಸಲ ಕರಡು ತಿದ್ದಿದ ಪುಸ್ತಕ. ಆದರೂ ಐದಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ಇದೊಂದನ್ನು ತೆಗೆಸಿ, ರಟ್ಟಿನ ಮೇಲೆ ಹನ್ನೊಂದು ಎಂದು ಮಾಡಿಸಿದರಾಯಿತು. ಮುದ್ರಣಾಲಯಕ್ಕೆ ಫೋನು ಒತ್ತುತ್ತಿದ್ದವನ ಬೆರಳು ನಿಂತಿತು.

“ಬಾರ್ಟ್ಲಿ, ಉಳಿದ ಹನ್ನೊಂದು?”

“ಛೇ ಛೇ, ಅವು ಯಾವುವೂ ನಿಂದಲ್ಲ ಮಗಾ,” ಎಂದ ಬಾರ್ಟ್ಲಿ, ನೊಂದವನಂತೆ. “ಎಲ್ಲಾ ನಿನ್ನ ಪುಸ್ತಕದಿಂದಲೇ ತಗೊಂಡ್ರೆ ಬೇರೆ ಪ್ರಕಾಶಕರು ಬೇಜಾರು ಮಾಡ್ಕೊಳಲ್ವಾ?”